ಮೊದಲ ವೀಳ್ಯಕ್ಕೆ ಎರಡು ದೇಶ

"ಅಲ್ಲ ಕಣ್ಲಾ ನಿಂಗ್ರಾಜು, ಆ ಇಂಗ್ಲೆಂಡಿನ ರಾಣಿನೂವೆ ಅಲ್ಲಿನ ಪ್ರಧಾನಮಂತ್ರಿನೂವೆ ಒಂದೇ ಮದ್ವಗ ಕರ್ದವ್ರ ಅಂತ ಇಟ್ಕೊ. ಮೊದ್ಲು ಎಲ ಅಡಕ ಯಾರ ಕೈಗ ಕೊಟ್ಟಾರು?"

"ರಾಣಿ ಕೈಗೇ ದೊಡ್ಡಪ್ಪ."

"ಅದ ವಸಿ ಗಟ್ಟಿಯಾಗಿ ಹೇಳು. ಮುಂದ ಕೂತಿರೋರ್ಗೂ ಕೇಳ್ಲಿ."

ಮುಂದೆ ಕೂತಿದ್ದವರು ಪುಟ್ಟಮಾದಮ್ಮ. ಮೆಟಡೋರಿನಲ್ಲಿ ಡ್ರೈವರ್ ಪಕ್ಕದ ಸೀಟನ್ನು ಬೆಳಿಗ್ಗೆ ಉಮ್ಮತ್ತೂರಿನಲ್ಲೇ ಹಿಡಿದವರು ಚಾಮರಾಜನಗರ ದಾಟಿದರೂ ಬಿಟ್ಟಿರಲಿಲ್ಲ. ತಿರುಗಿ ನೋಡದೆಯೇ ಹೇಳಿದರು:

"ಕೇಳುಸ್ತು ಕಣಣ್ಣ. ನನ್ನತ್ರನೂ ಒಂದು ದೇಶ ಅದ. ಅಲ್ಲೋದ್ಮೇಲ ಹೇಳ್ತಿನಿ."

ನಿಂಗರಾಜು ಕಿಟಕಿಯ ಕಡೆ ಮುಖ ತಿರುಗಿಸಿ, ಅರಿಶಿನ ಕಿತ್ತು ಬೋಳಾಗಿದ್ದ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಆ ದೇಶ ಯಾವುದು ಎಂದು ಅವನಿಗೆ ಗೊತ್ತಿತ್ತು. ಕೊಟ್ಟವನು ಅವನೇ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಅಪ್ಪ ಅವ್ವನನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ನಿಂಗರಾಜುವನ್ನು ಸಾಕಿದವರು ಇಬ್ಬರು. ಒಬ್ಬರು ದೊಡ್ಡಪ್ಪ ದೊಡ್ಡಮಾದಯ್ಯ. ಇನ್ನೊಬ್ಬರು ದೊಡ್ಡಮಾದಯ್ಯನವರ ತಂಗಿ, ಅದೇ ಊರಿಗೆ ಕೊಟ್ಟಿದ್ದ ಸೋದರತ್ತೆ ಪುಟ್ಟಮಾದಮ್ಮ. ಹಟ ಮಾಡಿ ಓದಿಸಿದವರು ದೊಡ್ಡಪ್ಪ, ಎದುರು ಕೂತು ಮುದ್ದೆ ಉಣ್ಣಿಸಿದವರು ಅತ್ತೆ. ಇದರಲ್ಲಿ ಯಾವುದು ಹೆಚ್ಚು ಎಂದು ಯಾರೂ ಕೇಳಿರಲಿಲ್ಲ. ಕೇಳುವ ಕಾಲ ಹೋದ ಡಿಸೆಂಬರಿನಲ್ಲಿ, ಅಂದರೆ ತೊಂಬತ್ತಮೂರರ ಕೊನೆಯಲ್ಲಿ, ಗ್ರಾಮ ಪಂಚಾಯಿತಿ ಚುನಾವಣೆಯ ಜೊತೆ ಬಂತು.

ದೊಡ್ಡಮಾದಯ್ಯ ತಮ್ಮ ಬೀದಿಯ ಯಜಮಾನರು. ಅವರ ಅಪ್ಪನೂ ಯಜಮಾನ, ತಾತನೂ ಯಜಮಾನ. ಮದುವೆಗೆ, ಸಾವಿಗೆ, ಗಂಡ ಹೆಂಡಿರ ಜಗಳಕ್ಕೆ ಅವರಿಲ್ಲದೆ ಬೀದಿಯಲ್ಲಿ ಒಂದು ಚಾಪೆಯೂ ಹಾಸುತ್ತಿರಲಿಲ್ಲ. ಚುನಾವಣೆಯಲ್ಲಿ ಆ ಬೀದಿಯ ಸ್ಥಾನ ಹೆಂಗಸರಿಗೆ ಮೀಸಲಾದಾಗ, ತಂಗಿಯನ್ನು ನಿಲ್ಲಿಸಿದವರೂ ಅವರೇ. ಮನೆಮನೆಗೆ ಹೋಗಿ ಕೈಮುಗಿದವರೂ ಅವರೇ. ತಂಗಿ ಮೀಟಿಂಗಿನಲ್ಲಿ ಕೂತಿರುತ್ತಾಳೆ, ಮಾತಾಡಲು ತಾವಿದ್ದೇವಲ್ಲ ಎಂಬುದು ಅವರ ಲೆಕ್ಕ. ಮೊದಲ ಮೀಟಿಂಗಿನಲ್ಲೇ ಪುಟ್ಟಮಾದಮ್ಮ ಎದ್ದು ನಿಂತು, ತಮ್ಮ ಬೀದಿಯ ಬೋರ್‌ವೆಲ್ ಕೈಪಂಪಿನ ಬಗ್ಗೆ ಮಾತು ಶುರು ಮಾಡಿದವರು ಊಟದ ಹೊತ್ತಾದರೂ ಕೂರಲಿಲ್ಲವಂತೆ. ಅಂದಿನಿಂದ ಊರು ಅವರನ್ನು 'ಮೆಂಬರಮ್ಮ' ಎನ್ನುತ್ತದೆ. ಅಣ್ಣ ಒಬ್ಬರೇ ಇನ್ನೂ 'ಪುಟ್ಟಿ' ಅನ್ನುವುದು, ಅದೂ ನಾಲ್ಕು ಜನ ಇದ್ದಾಗ ಬೇಕಂತಲೇ.

ಈಗ ಮೆಟಡೋರ್ ಹೊರಟಿದ್ದುದು ಗುಂಡ್ಲುಪೇಟೆಗೆ, ನಿಂಗರಾಜುವಿನ ವೀಳ್ಯಶಾಸ್ತ್ರಕ್ಕೆ. ಅವರ ಕಡೆಯ ಪದ್ಧತಿ ಹೀಗೆ: ಹೆಣ್ಣಿನ ಮನೆಯವರು ದೇವರ ಹೆಸರಿಗೊಂದು ವೀಳ್ಯ ಎತ್ತಿಟ್ಟು, ಅದಾದ ಮೇಲೆ ಎಲೆ ಅಡಿಕೆ ತಟ್ಟೆಯನ್ನು ಗಂಡಿನ ಕಡೆಯ ಹಿರಿಯರ ಕೈಗೆ ಕೊಡುತ್ತಾರೆ. ಅದೇ ಮೊದಲ ವೀಳ್ಯ. ಅದನ್ನು ಹಿಡಿದವರ ಮಾತೇ ಆ ಮನೆಯ ಮಾತು. ತಟ್ಟೆ ಕೈ ಸೇರುವ ತನಕ ಮದುವೆಯ ಸುದ್ದಿ ಎತ್ತುವಂತಿಲ್ಲ. ಹೋದ ವರ್ಷದ ತನಕ ಯಾರ ಕೈಗೆ ಎಂಬ ಪ್ರಶ್ನೆಯೇ ಇರಲಿಲ್ಲ. ಈಗ ಇತ್ತು.

ಇಬ್ಬರೂ ಹೋಗಿ ಕೇಳಿದ್ದು ನಿಂಗರಾಜುವನ್ನೇ. ಏಕೆಂದರೆ ಅವನು ಚಾಮರಾಜನಗರದ ಒಂದು ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ಜೊತೆಗೆ ಮೈಸೂರಿನಲ್ಲಿ ಎಂ.ಫಿಲ್. ಓದುತ್ತಿದ್ದ. ವಿಷಯ: ಬೇರೆ ಬೇರೆ ದೇಶಗಳ ರಾಜಕೀಯ ವ್ಯವಸ್ಥೆಗಳನ್ನು ಹೋಲಿಸುವ ವಿಧಾನಗಳು. ಉಮ್ಮತ್ತೂರಿನಲ್ಲಿ ಇದನ್ನು 'ದೇಶ ತೂಗೋ ಓದು' ಎನ್ನುತ್ತಿದ್ದರು. ಒಮ್ಮೆ ದೊಡ್ಡಪ್ಪನಿಗೆ ಅವನು ವಿವರಿಸಲು ಹೋಗಿದ್ದ. ಬಹಳ ಮಟ್ಟಿಗೆ ಒಂದೇ ಥರ ಇರುವ ಎರಡು ದೇಶ ತೆಗೆದುಕೊಂಡು, ಬೇರೆಯಾಗಿರುವುದು ಏನು, ಯಾಕೆ ಎಂದು ಹುಡುಕುವುದು ಒಂದು ದಾರಿ. ಒಂದಕ್ಕೊಂದು ಸಂಬಂಧವೇ ಇಲ್ಲದ ದೇಶಗಳನ್ನು ತೆಗೆದುಕೊಂಡು, ಒಂದೇ ಆಗಿರುವುದು ಏನು ಎಂದು ಹುಡುಕುವುದು ಇನ್ನೊಂದು ದಾರಿ.

"ಮೊದಲ್ನೇ ದಾರಿ ತಿಳೀತು ಬುಡು," ಅಂದಿದ್ದರು ದೊಡ್ಡಮಾದಯ್ಯ. "ನಾನೂವೆ ಪುಟ್ಟಿನೂವೆ ಇದ್ದಂಗ. ಒಂದೇ ಹೊಟ್ಟೇಲಿ ಹುಟ್ಟಿ, ಒಂದೇ ಮಡಕ ಅನ್ನ ಉಂಡು, ಅವ್ಳು ಮಾತ್ರ ಯಾಕ ಅಂಗಾದ್ಲು? ಅದ ಹುಡ್ಕು, ನಿಂಗ ಪದವಿ ಕೊಟ್ಟಾರು."

ಹೀಗಿರುವಾಗ ಎರಡು ವಾರದ ಕೆಳಗೆ ಕ್ಷೌರದ ಸೋಪು ಮುಖದ ಮೇಲಿದ್ದ ಹಾಗೆಯೇ ದೊಡ್ಡಪ್ಪ ಕೇಳಿದರು: ಬೇರೆ ದೇಶದಲ್ಲಿ ಮೊದಲ ಮರ್ಯಾದೆ ವಂಶದವರಿಗೋ ಓಟಿನವರಿಗೋ? ನಿಂಗರಾಜು ಇಂಗ್ಲೆಂಡು, ಜಪಾನು, ಸ್ವೀಡನ್ನು, ನೇಪಾಳ ಹೇಳಿದ. ದೊಡ್ಡಪ್ಪನ ಮುಖ ಸೋಪಿನ ನೊರೆಯೊಳಗೇ ಅರಳಿತು. ಅದಾದ ಮೇಲೆ ಒಂದು ಸಂಜೆ ಅತ್ತೆ ಮುದ್ದೆಗೆ ಉಪ್ಸಾರು ಬಿಡುತ್ತಾ ಅದನ್ನೇ ಕೇಳಿದರು. ನಿಂಗರಾಜು ಅಮೆರಿಕ ಹೇಳಿದ. ಅತ್ತೆ ಇನ್ನೊಂದು ಸೌಟು ಬಿಟ್ಟರು.

ಸುಳ್ಳೇನೂ ಹೇಳಿರಲಿಲ್ಲ, ಪಾಪ. ಎಲ್ಲವೂ ನಿಜ. ಆದರೆ ತನ್ನ ಬಿ.ಎ. ಹುಡುಗರಿಗೆ ಅವನೇ ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದು ಹೇಳುತ್ತಿದ್ದ ಒಂದು ಮಾತಿತ್ತು: ಮೊದಲು ಪ್ರಶ್ನೆ ಹಿಡಿದುಕೊಂಡು ದೇಶ ಆರಿಸಿ, ಉತ್ತರ ಹಿಡಿದುಕೊಂಡು ದೇಶ ಹುಡುಕಲು ಹೋಗಬೇಡಿ. ಸಾಕಿದವರ ಮುಖ ನೋಡಿದಾಗ ಅವನಿಗೆ ಆ ಅಡಿಗೆರೆ ಮರೆತುಹೋಯಿತು.

ತೆರಕಣಾಂಬಿಯಲ್ಲಿ ಟೀ ಕುಡಿಯಲು ಇಳಿದಾಗ ಅಣ್ಣ ತಂಗಿ ಬೆನ್ನಿಗೆ ಬೆನ್ನು ಹಾಕಿ ನಿಂತು ಕುಡಿದರು. ಮತ್ತೆ ಹತ್ತುವಾಗ ದೊಡ್ಡಮಾದಯ್ಯ ಓಡಿಹೋಗಿ ಮುಂದಿನ ಸೀಟು ಹಿಡಿದರು. ಪುಟ್ಟಮಾದಮ್ಮ ಅವರ ಪಕ್ಕಕ್ಕೇ ಹತ್ತಿ ಕೂತರು. ಗೇರು ಹಾಕಲು ಜಾಗವಿಲ್ಲದೆ ಡ್ರೈವರ್ ಗುಂಡ್ಲುಪೇಟೆ ತನಕ ಗೊಣಗಿದ.

ಹೆಣ್ಣಿನ ತಂದೆ ಲಿಂಗಯ್ಯ ಗುಂಡ್ಲುಪೇಟೆ ಪಕ್ಕದ ಮದ್ದೂರು ಅರಣ್ಯ ರೇಂಜಿನಲ್ಲಿ ಗಾರ್ಡಾಗಿ ಕಾಡು ಕಾದು ನಿವೃತ್ತರಾದವರು. ಆನೆಗೆ ಕೇಳಿಸದ ಹಾಗೆ ಮಾತಾಡಿ ಮಾತಾಡಿ ಅವರ ದನಿ ಮನೆಯಲ್ಲೂ ಪಿಸುಮಾತೇ ಆಗಿತ್ತು. ಅವರ ಮಗಳು ಶಿವರಂಜಿನಿ ಮದ್ದೂರಿನ ಕಡೆಯೇ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ನಿಂಗರಾಜು ಅವಳನ್ನು ಹಿಂದೆ ಒಂದೇ ಸಲ, ನೋಡುವ ಶಾಸ್ತ್ರದ ದಿನ ಕಂಡಿದ್ದ. ಆ ದಿನ ಅವಳು ಎರಡು ಪ್ರಶ್ನೆ ಕೇಳಿ ಅವನಿಂದ ಅರ್ಧ ಉತ್ತರ ತೆಗೆಸಿದ್ದಳು. ಅಂದಿನಿಂದ ಅವನಿಗೆ ಪಾಠ ಮಾಡುವಾಗ ಫ್ರಾನ್ಸಿನ ನಡುವೆ ಅವಳ ನಗು ಬರುತ್ತಿತ್ತು. ಈ ಸಂಬಂಧ ತಪ್ಪಿದರೆ ಏನು ಮಾಡುವುದು ಎಂದು ಅವನು ಯೋಚಿಸಿರಲಿಲ್ಲ. ತಪ್ಪಬಹುದು ಎಂದೇ ಯೋಚಿಸಿರಲಿಲ್ಲ.

ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಕೈಕಾಲಿಗೆ ನೀರು, ಕುಡಿಯಲು ಪಾನಕ ಎಲ್ಲ ಆಯಿತು. ದೇವರ ವೀಳ್ಯ ಎತ್ತಿಟ್ಟರು. ಲಿಂಗಯ್ಯ ಎಲೆ ಅಡಿಕೆ ತೆಂಗಿನಕಾಯಿ ಇದ್ದ ತಟ್ಟೆ ಹಿಡಿದು ಮುಂದೆ ಬಂದರು. ಅಕ್ಕಪಕ್ಕ ಕೂತಿದ್ದ ಅಣ್ಣ ತಂಗಿ ಇಬ್ಬರೂ ಒಟ್ಟಿಗೇ ಕೈ ಚಾಚಿದರು.

ಲಿಂಗಯ್ಯ ತಟ್ಟೆಯನ್ನು ಹಿಂದಕ್ಕೆಳೆದುಕೊಂಡು ಪಿಸುಗುಟ್ಟಿದರು: "ಯಾರಿಗ ಕೊಡ್ಲಿ ಸ್ವಾಮಿ?"

"ಇದ್ಯಾವ ಪ್ರಶ್ನ ಬೀಗ್ರೇ?" ಅಂದರು ದೊಡ್ಡಮಾದಯ್ಯ. "ಇಂಗ್ಲೆಂಡ್ನಲ್ಲಿ ರಾಣಿ ಅವಳ, ಪ್ರಧಾನಮಂತ್ರಿ ಅವ್ನ. ಮೊದ್ಲು ಮರ್ವಾದಿ ರಾಣಿಗ. ಜಪಾನ್ನಲ್ಲಿ ಚಕ್ರವರ್ತಿಗ. ಅಷ್ಟ್ ದೂರ ಯಾಕ, ಇಲ್ಲೇ ನೇಪಾಳ್ದಲ್ಲಿ ರಾಜಂಗ. ಎಲ್ಲಾ ಕಡ ವಂಶ ಮೊದ್ಲು, ಓಟು ಆಮೇಲ."

"ಅಮೆರಿಕ ಬುಟ್ಟುಬುಟ್ಯಲ್ಲಣ್ಣ," ಅಂದರು ಪುಟ್ಟಮಾದಮ್ಮ ಸೆರಗು ಸರಿ ಮಾಡಿಕೊಂಡು. "ಅಲ್ಲಿ ರಾಜನೂ ಇಲ್ಲ, ಯಜಮಾನ್ನೂ ಇಲ್ಲ. ಓಟಲ್ಲಿ ಗೆದ್ದವ್ನೇ ದೊಡ್ಡವ್ನು. ಪ್ರಪಂಚ ಎಲ್ಲಾ ಅವನ್ಗ ಬಗ್ತದ. ನಿನ್ನ ನೇಪಾಳಕ್ಕ ಯಾರ್ ಬಗ್ತರ?"

"ನೀ ಕಂಡಿದ್ಯಾ ಅಮೆರಿಕವ?"

"ನೀ ರಾಣಿ ಮನೇಲಿ ಉಂಡ್ಬುಟ್ಟು ಬಂದಿದ್ಯಾ?"

"ನಂಗ ಓದ್ದವ್ನೇ ಹೇಳಿರೋದು ಕಣ! ಎಂ.ಫಿಲ್ಲು!"

"ನಂಗೂ ಎಂ.ಫಿಲ್ಲೇ ಹೇಳಿರೋದು!"

ಲಿಂಗಯ್ಯ ತಟ್ಟೆ ಹಿಡಿದುಕೊಂಡೇ ನಿಧಾನವಾಗಿ ನಿಂಗರಾಜುವಿನ ಕಡೆ ತಿರುಗಿದರು. "ಅವ್ರಿಗೂ ನೀವೇ ಹೇಳಿದ್ದ? ಇವ್ರಿಗೂ ನೀವೇನಾ?"

ನಿಂಗರಾಜು ಬಾಯಿ ತೆರೆಯುವ ಮೊದಲೇ ಒಳಮನೆಯ ಪರದೆಯ ಹಿಂದಿನಿಂದ ಒಂದು ನಗು ಕೇಳಿಸಿತು. ತಡೆಯಲು ನೋಡಿ ಸೋತ ನಗು. ಅದು ತಟ್ಟನೆ ನಿಂತ ರೀತಿ ಮಾತ್ರ ಅವನಿಗೆ ಚೆನ್ನಾಗಿ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗಿಯ ಅಜ್ಜಿ ಹೊರಗೆ ಬಂದು, "ಮೇಷ್ಟ್ರನ್ನ ಹಿತ್ಲ ಜಗಲಿಗ ವಸಿ ಕಳಿಸ್ಬೇಕಂತ. ಕೂಸು ಮಾತಾಡ್ಬೇಕಂತದ," ಅಂದರು.

ಹಿತ್ತಿಲ ಜಗಲಿಯಲ್ಲಿ ಅಜ್ಜಿ ಕಾವಲಿಗೆ ಕೂತು, ಕಣ್ಣು ಮುಚ್ಚಿ, ಕಿವಿ ತೆರೆದಿಟ್ಟುಕೊಂಡರು. ಶಿವರಂಜಿನಿ ಹಸಿರು ಸೀರೆ ಉಟ್ಟು ಕಂಬಕ್ಕೆ ಒರಗಿ ನಿಂತಿದ್ದಳು.

"ಇನ್ನೂ ಎಷ್ಟು ದೇಶ ಇಟ್ಕಂಡಿದ್ದೀರ?" ಅಂದಳು.

"ಎರಡೂ ನಿಜಾನೇ ಕಣ್ರಿ. ಇಂಗ್ಲೆಂಡಿಂದೂ ನಿಜ, ಅಮೆರಿಕದ್ದೂ..."

"ನಿಜ ಅಲ್ಲ ಅಂತ ಯಾರಂದ್ರು? ನಮ್ಮ ಕಡೆ ಕಾಡಿನ ಜನರ ಹಾಡೀಲಿ ವಾಂತಿ ಭೇದಿ ಆದಾಗ, ಹೊಸ ಬಾವಿ ನೀರಿಂದ್ಲೇ ಅಂತ ನಾನು ರಿಪೋರ್ಟ್ ಕೊಟ್ಟಿದ್ದೆ. ಕಾಯಿಲೆ ಬಿದ್ದೋರನ್ನೆಲ್ಲಾ ಕೇಳಿದ್ದೆ, ಎಲ್ರೂ ಆ ನೀರೇ ಕುಡಿದಿದ್ರು. ಡಾಕ್ಟ್ರು ಏನಂದ್ರು ಗೊತ್ತಾ? ಗಟ್ಟಿಮುಟ್ಟಾಗಿ ಓಡಾಡ್ತಾ ಇರೋರನ್ನೂ ಕೇಳ್ಕಂಡು ಬಾಮ್ಮ ಅಂದ್ರು. ಕೇಳಿದ್ರೆ ಅವರೂ ಅದೇ ನೀರು ಕುಡಿದಿದ್ರು. ನನ್ನ ರಿಪೋರ್ಟಲ್ಲಿ ಒಂದಕ್ಷರ ಸುಳ್ಳಿರ್ಲಿಲ್ಲ. ಆದ್ರೂ ಬೈಸ್ಕಂಡೆ."

"ನಮ್ಮಲ್ಲೂ ಅದನ್ನೇ ಹೇಳ್ತಾರೆ," ಅಂದ ನಿಂಗರಾಜು, ಒಂದು ಕ್ಷಣ ಎಲ್ಲ ಮರೆತು ಉತ್ಸಾಹದಿಂದ. "ಬೇಕಾದ ಫಲ ಇರೋ ಕಡೆ ಮಾತ್ರ ನೋಡೋದು ದೊಡ್ಡ ದೋಷ. ನಾನು ಎರಡನೇ ಅಧ್ಯಾಯದಲ್ಲಿ..."

"ಎರಡನೇ ಅಧ್ಯಾಯದಲ್ಲಿ ಬರೆದು, ಮನೇಲಿ ಅದನ್ನೇ ಮಾಡಿದ್ರಾ?"

ಅಜ್ಜಿ ಕಣ್ಣು ಮುಚ್ಚಿಕೊಂಡೇ ನಕ್ಕರು. ನಿಂಗರಾಜು ಕೈಯಲ್ಲಿದ್ದ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿದ.

"ಇಬ್ಬರೂ ಸಾಕಿದವರು," ಅಂದ. "ಯಾರಿಗೂ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

"ಅದು ಅರ್ಥ ಆಯ್ತದೆ," ಅಂದಳು ಶಿವರಂಜಿನಿ. ದನಿಯಲ್ಲಿದ್ದ ಕೀಟಲೆ ಸ್ವಲ್ಪ ಇಳಿದಿತ್ತು. "ನಂಗೆ ಭಯ ಆಗೋದು ಅಲ್ಲೇ. ನಾಳೆ ನಿಮ್ಮ ದೊಡ್ಡಪ್ಪ, ಸೊಸೆ ಕೆಲಸ ಬಿಡಬೇಕು, ಕಾಡಂಚಲ್ಲಿ ಒಬ್ಬಳೇ ಓಡಾಡೋದು ಬೇಡ ಅಂತಾರೆ. ನಾನು ಬಿಡಲ್ಲ ಅಂತೀನಿ. ನೀವು ಏನ್ಮಾಡ್ತೀರ? ಅವರಿಗೊಂದು ದೇಶ ಕೊಟ್ಟು, ನಂಗೊಂದು ದೇಶ ಕೊಟ್ಟು, ಬ್ಯಾಗ್ ತಗುಲಿಸ್ಕಂಡು ಕಾಲೇಜಿಗೆ ಹೊರಡ್ತೀರ. ನಾವಿಬ್ಬರೂ ಯುದ್ಧ ಮಾಡ್ಕಂಡು ಕೂತಿರ್ಬೇಕು."

ನಿಂಗರಾಜುವಿಗೆ ಜಗತ್ತಿನ ಯಾವ ದೇಶವೂ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ.

"ಒಪ್ಪಿಗೆ ಅಂತ ನಾನಿನ್ನೂ ಒಳಗೆ ಹೇಳಿಲ್ಲ," ಅಂದಳು. "ಒಪ್ಪಿಗೆ ಇಲ್ಲ ಅಂತಲೂ ಹೇಳಿಲ್ಲ. ಒಬ್ಬೊಬ್ಬರಿಗೂ ಹೇಳುವಾಗ ಏನೋ ಬಿಟ್ಟೇ ಬಿಟ್ಟಿರ್ತೀರ. ಹೋಗಿ, ಅದನ್ನ ಹೇಳಿ. ಇಬ್ಬರೂ ಕೂತಿರುವಾಗ್ಲೇ."

"ಇಬ್ಬರಿಗೂ ಸಿಟ್ಟು ಬರ್ತದೆ."

"ಬರ್ಲಿ ಬಿಡಿ. ಸಮನಾಗಿ ಬರ್ತದಲ್ಲ."

ನಿಂಗರಾಜು ಪಡಸಾಲೆಗೆ ಮರಳಿದಾಗ ಲಿಂಗಯ್ಯ ತಟ್ಟೆಯ ಭಾರಕ್ಕೆ ಗೋಡೆಗೊರಗಿ ನಿಂತಿದ್ದರು. ಕೆಳಗಿಡುವ ಹಾಗಿಲ್ಲ, ಎತ್ತಿದ ವೀಳ್ಯ ನೆಲ ಮುಟ್ಟಬಾರದು. ಅಣ್ಣ ತಂಗಿ ಈ ನಡುವೆ ಜರ್ಮನಿಗೆ ಬಂದಿದ್ದರು. ಅಲ್ಲಿ ಯಾರಿದ್ದಾರೆಂದು ಇಬ್ಬರಿಗೂ ಗೊತ್ತಿಲ್ಲದ್ದರಿಂದ ಜಗಳ ಜೋರಾಗಿತ್ತು.

"ದೊಡ್ಡಪ್ಪ, ಅತ್ತೆ," ಅಂದ ನಿಂಗರಾಜು. ಕೂರಲಿಲ್ಲ, ತರಗತಿಯಲ್ಲಿ ನಿಲ್ಲುವ ಹಾಗೆ ನಿಂತ. "ನಾನು ನಿಮ್ಮಿಬ್ಬರಿಗೂ ಅರ್ಧರ್ಧ ಹೇಳಿದ್ದೆ. ಉಳಿದರ್ಧ ಈಗ ಹೇಳ್ತೀನಿ. ದೊಡ್ಡಪ್ಪ, ಇಂಗ್ಲೆಂಡಿನಲ್ಲಿ ಮೊದಲ ಮರ್ಯಾದೆ ರಾಣಿಗೆ, ಅದು ನಿಜ. ಆದರೆ ಆ ಮರ್ಯಾದೆ ತಗೊಂಡ ಮೇಲೆ ರಾಣಿ ರಾಜ್ಯಭಾರದ ಮಾತು ಆಡೋ ಹಾಗಿಲ್ಲ. ಇದು ಸರಿ, ಇದು ತಪ್ಪು ಅಂತ ಜನರ ಮುಂದೆ ಬಾಯಿ ಬಿಡೋ ಹಾಗಿಲ್ಲ. ಜಪಾನಲ್ಲೂ ಹಾಗೇ, ಸ್ವೀಡನ್ನಲ್ಲೂ ಹಾಗೇ."

"ಸುಮ್ನ ಹೇಳ್ಬೇಡ. ಪಾರ್ಲಿಮೆಂಟ್ನಲ್ಲಿ ರಾಣಿ ಭಾಷಣ ಮಾಡ್ತಳ ಅಂತ ನೀನೇ ಅಂದಿದ್ದ."

"ಮಾಡ್ತಾಳೆ. ಮಂತ್ರಿಗಳು ಬರೆದುಕೊಟ್ಟಿದ್ದನ್ನ ಓದ್ತಾಳೆ. ಒಂದಕ್ಷರ ಸೇರಿಸೋ ಹಾಗಿಲ್ಲ."

ದೊಡ್ಡಮಾದಯ್ಯನವರ ಬಾಯಿ ತೆರೆದೇ ಉಳಿಯಿತು. ಜೀವಮಾನದಲ್ಲಿ ಅವರು ಯಾರೂ ಬರೆದುಕೊಟ್ಟಿದ್ದನ್ನು ಹೇಳಿದವರಲ್ಲ. ಪುಟ್ಟಮಾದಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದ್ದರು.

"ಅತ್ತೆ," ಅಂದ ನಿಂಗರಾಜು, "ಅಮೆರಿಕದಲ್ಲಿ ಗೆದ್ದವನಿಗೆ ಮರ್ಯಾದೆಯೂ ಉಂಟು, ಮಾತೂ ಉಂಟು, ನಿಜ. ಆದರೆ ನಾಲ್ಕೇ ವರ್ಷ. ಜನ ಇನ್ನೊಂದು ಸಲ ಗೆಲ್ಲಿಸಿದರೆ ಇನ್ನು ನಾಲ್ಕು. ಅದಾದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಮನೆಗೆ. ಅಧಿಕಾರ ಇರುವಾಗಲೂ ಅವನು ಅಂದಿದ್ದೆಲ್ಲ ಆಗೋದಿಲ್ಲ. ಅವರ ಪಾರ್ಲಿಮೆಂಟು ಆಗೋದಿಲ್ಲ ಅಂದರೆ ಆಗೋದಿಲ್ಲ."

ಪುಟ್ಟಮಾದಮ್ಮನ ನಗು ನಿಂತಿತು.

"ಅಷ್ಟು ದೂರ ಯಾಕ ಮೇಷ್ಟ್ರೇ," ಎಂದು ಗೋಡೆಗೊರಗಿದ್ದ ಲಿಂಗಯ್ಯ ಪಿಸುಗುಟ್ಟಿದರು, "ನಮ್ಮ ದಿಲ್ಲಿಲಿ ಎಂಗ?"

"ದಿಲ್ಲೀಲಿ ರಾಷ್ಟ್ರಪತಿಗೆ ಮೊದಲ ಮರ್ಯಾದೆ. ಆಳೋದು ಪ್ರಧಾನಿ."

"ನೋಡ್ದಾ! ಮಾತಾಡ್ದೇ ಇದ್ರೂ ಮೊದ್ಲೇ!" ಅಂದರು ದೊಡ್ಡಮಾದಯ್ಯ.

"ರಾಷ್ಟ್ರಪತಿನ ಓಟಾಕಿ ಆರ್ಸೋದಲ್ವಾ?" ಅಂದರು ಪುಟ್ಟಮಾದಮ್ಮ.

"ಹೌದು. ಎಂ.ಪಿ., ಎಂ.ಎಲ್.ಎ.ಗಳು ಆರಿಸ್ತಾರೆ."

"ನೋಡ್ದಾ! ಓಟೇ!"

"ಅತ್ತೆ, ದೊಡ್ಡಪ್ಪ, ಸಾಕು," ಅಂದ ನಿಂಗರಾಜು. "ಯಾವ ದೇಶ ಹಿಡಿದರೂ ಬೇಕಾದವರಿಗೆ ಬೇಕಾದ್ದು ಸಿಗುತ್ತೆ. ಅದಕ್ಕೇ ಹೆಸರು ನೋಡಬಾರದು, ಮೊದಲ ವೀಳ್ಯ ಹಿಡಿದವರಿಗೆ ಆಮೇಲೆ ಏನು ಕೆಲಸ ಅಂತ ನೋಡಬೇಕು. ಇದು ನಂಗೆ ಮೊದಲೇ ಗೊತ್ತಿತ್ತು. ನಿಮಗೆ ಹೇಳಲಿಲ್ಲ. ಯಾರಿಗೆ ಕೊಡಬೇಕು ಅಂತ ಓದಿನಲ್ಲಿ ಎಲ್ಲೂ ಬರೆದಿಲ್ಲ. ಅದನ್ನ ನೀವೇ ತೀರ್ಮಾನ ಮಾಡಬೇಕು."

ದೊಡ್ಡಮಾದಯ್ಯ ಅವನನ್ನೇ ನೋಡಿದರು. ಮಾತು ಬಂದಾಗ ದನಿ ಸಣ್ಣಗಿತ್ತು.

"ಅಂಗಾದ್ರ ಎರಡು ವಾರ್ದಿಂದ ಬೀದಿಬೀದೀಲಿ ಜಪಾನು ಜಪಾನು ಅಂತ ಹೇಳ್ಕಂಡು ತಿರುಗಿದ್ನಲ್ಲ ನಾನು. ನನ್ನ ಕೋಡಂಗಿ ಮಾಡ್ಬುಟ್ಯಾ ಮಗ?"

ನಿಂಗರಾಜು ಕೈ ಮುಗಿದ. "ತಪ್ಪಾಯ್ತು ದೊಡ್ಡಪ್ಪ," ಅಂದ.

ಆಗ ಎದ್ದವರು ಪುಟ್ಟಮಾದಮ್ಮ. "ತಪ್ಪಾಯ್ತು ಅಂದ್ಬುಟ್ರ ಆಗೋಯ್ತಾ? ಏನ್ಲಾ ಅನ್ಕಂಡಿದ್ದೈ ನಮ್ಮಣ್ಣನ್ನ? ಬೀದಿಗೆಲ್ಲ ಬುದ್ಧಿ ಹೇಳೋ ಮನ್ಸನ್ಗ ಅರ್ಧ ದೇಶ ಹೇಳಿ ಕಳಿಸ್ತಿಯಾ? ಪೂರ್ತಿ ಹೇಳಿದ್ರ ತಡ್ಕಳಕಾಗ್ದು ಅನ್ಕಂಡಾ?"

"ನಿಂಗೂ ಅಷ್ಟೇಯ ಕಣ ಪುಟ್ಟಿ," ಅಂದರು ದೊಡ್ಡಮಾದಯ್ಯ, ತಂಗಿಯ ಬೆಂಬಲದಿಂದ ಚೇತರಿಸಿಕೊಂಡು. "ಪಂಚಾಯ್ತಿ ಮೆಂಬರ್ಗ ಅರ್ಧ ಅಮೆರಿಕ ಕೊಡ್ತಾನಂತ! ಇವ್ನು ಕಾಲೇಜಲ್ಲೂ ಇಂಗೇ ಅರ್ಧರ್ಧ ಪಾಠ ಮಾಡ್ತನೇನು?"

ಕೆಲವು ನಿಮಿಷ ಇಬ್ಬರೂ ಸೇರಿ ಅವನನ್ನು ಬೈದರು. ಒಬ್ಬರು ನಿಲ್ಲಿಸಿದ ಕಡೆ ಇನ್ನೊಬ್ಬರು ಶುರು ಮಾಡುತ್ತಿದ್ದರು. ಡಿಸೆಂಬರಿನಿಂದ ಈಚೆಗೆ ಅಣ್ಣ ತಂಗಿ ಇಷ್ಟು ಹೊಂದಿಕೊಂಡು ಮಾತಾಡಿದ್ದು ಇದೇ ಮೊದಲು. ಬೈಸಿಕೊಳ್ಳುತ್ತಾ ನಿಂಗರಾಜುವಿಗೆ ಒಂದು ಥರ ಹಾಯೆನಿಸಿತು.

"ಸ್ವಾಮಿ, ಕೈ ಸೋತೋಯ್ತು," ಅಂದರು ಲಿಂಗಯ್ಯ.

"ಅಯ್ಯೋ, ಬೀಗ್ರು ನಿಂತೇ ಅವ್ರಲ್ಲ," ಅಂದರು ಪುಟ್ಟಮಾದಮ್ಮ. "ತಕ್ಕಣ್ಣ, ನೀನೇ ತಕ್ಕ. ದೊಡ್ಡವ್ನು. ತಕ್ಕಂಡು ರಾಣಿಯಂಗ ಸುಮ್ನ ಕೂತ್ಕ. ಮಾತ ನಾ ಆಡ್ತಿನಿ."

ದೊಡ್ಡಮಾದಯ್ಯ ಚಾಚಿದ ಕೈ ಹಿಂದಕ್ಕೆ ತೆಗೆದರು. "ಸುಮ್ನ ಕೂರಾಕ ಅಷ್ಟು ದೂರ್ದಿಂದ ಬಂದೆನಾ ನಾನು? ನೀನೇ ತಕ್ಕ. ಅಮೆರಿಕ್ದವ್ರಂಗ ಅವಧಿ ಮುಗುದ್ಮೇಲ ತಂದು ಕೊಟ್ಬುಡು."

"ಕೊಟ್ಬುಟ್ಟು ಎಲ್ರ ಕೈಲೂ 'ಮಾಜಿ' ಅನ್ನಿಸ್ಕಂಡು ತಿರುಗ್ಲಾ? ಬ್ಯಾಡಪ್ಪ."

"ತಕ್ಕಳಮ್ಮಿ."

"ನೀ ತಕ್ಕಣ್ಣ."

ಈಗ ತಟ್ಟೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೋಗತೊಡಗಿತು. ಲಿಂಗಯ್ಯನವರ ಕೈಯಲ್ಲಿ ತಟ್ಟೆ ವಾಲತೊಡಗಿದ್ದನ್ನು ಕಂಡು ದೊಡ್ಡಮಾದಯ್ಯನವರ ಕರುಳು ಚುರ್ ಎಂದಿರಬೇಕು. ಥಟ್ಟನೆ ತಟ್ಟೆ ಈಸಿಕೊಂಡು ತೊಡೆಯ ಮೇಲಿಟ್ಟುಕೊಂಡರು.

"ಆಯ್ತು. ರಾಣಿನೇ ಆದೆ. ಊಟ ಮುಗ್ಯೋಗಂಟ ಬಾಯ್ ಬುಡಕಿಲ್ಲ. ಏನ್ ಮಾತಿದ್ರೂ ಪುಟ್ಟಿನೇ ಆಡ್ಲಿ," ಅಂದರು. ಒಂದು ಉಸಿರು ಎಳೆದುಕೊಂಡು, "ಆದ್ರ ಒಂದ್ ಮಾತು, ಮೂರ್ತ ಮಾತ್ರ..."

"ರಾಣೀ!" ಅಂದರು ಪುಟ್ಟಮಾದಮ್ಮ.

ಪಡಸಾಲೆಯಲ್ಲಿದ್ದವರೆಲ್ಲ ಗೊಳ್ಳೆಂದರು. ಪಿಸುಮಾತಿನ ಲಿಂಗಯ್ಯನವರೂ ಬಹಳ ವರ್ಷಗಳ ಮೇಲೆ ಗಟ್ಟಿಯಾಗಿ ನಕ್ಕರು. ದೊಡ್ಡಮಾದಯ್ಯ ತುಟಿ ಬಿಗಿದು, ತೆಂಗಿನಕಾಯಿಯ ಜುಟ್ಟನ್ನು ದಿಟ್ಟಿಸುತ್ತಾ ಕೂತರು.

ಪುಟ್ಟಮಾದಮ್ಮ ಮಾತು ಶುರು ಮಾಡಿದರು. ಮದುವೆ ಉಮ್ಮತ್ತೂರಿನಲ್ಲಿ, ಬೀಗರ ಔತಣ ಗುಂಡ್ಲುಪೇಟೆಯಲ್ಲಿ. ಕೈಪಂಪಿನ ಮಾತೂ ಒಂದೆರಡು ಸಲ ಬಂತು, ಅದನ್ನು ಬಿಟ್ಟು ಬೇರೆಲ್ಲ ಚೆನ್ನಾಗಿಯೇ ನಡೆಯಿತು. ಕೊನೆಗೆ ಲಿಂಗಯ್ಯ, ದನಿ ಮತ್ತೆ ಇಳಿಸಿ, ಕೇಳಬೇಕೋ ಬೇಡವೋ ಎಂಬ ಹಾಗೆ ಕೇಳಿದರು:

"ಕೂಸಿನ ಕೆಲ್ಸದ ವಿಚಾರ?"

ದೊಡ್ಡಮಾದಯ್ಯನವರ ಕತ್ತು ಸರಕ್ಕನೆ ಮೇಲೆದ್ದಿತು. ಪುಟ್ಟಮಾದಮ್ಮ ಅಣ್ಣನನ್ನೂ ನೋಡಲಿಲ್ಲ, ತಾವೂ ಮಾತಾಡಲಿಲ್ಲ. ನಿಂಗರಾಜುವಿನ ಕಡೆ ತಿರುಗಿದರು. "ನೀ ಹೇಳ್ಲಾ. ಈ ಸಲ ಪೂರ್ತಿ ಹೇಳು."

ಪರದೆ ಅಲ್ಲಾಡಲಿಲ್ಲ. ಅದರ ಹಿಂದೆ ಯಾರೋ ಉಸಿರು ಬಿಗಿಹಿಡಿದಿದ್ದು ಮಾತ್ರ ನಿಂಗರಾಜುವಿಗೆ ಗೊತ್ತಾಯಿತು. ದೊಡ್ಡಪ್ಪನ ಕಣ್ಣನ್ನೇ ನೋಡುತ್ತಾ ಹೇಳಿದ:

"ಕೆಲಸ ಅವರು ಬಿಡೋದು ಬೇಡ. ಬಿಡಬೇಕು ಅಂತ ಅವರಿಗೇ ಅನ್ನಿಸಿದರೆ ಅದು ಅವರಿಷ್ಟ. ದೊಡ್ಡಪ್ಪ, ಇದು ನಿಮಗೆ ಇಷ್ಟ ಆಗಲ್ಲ ಅಂತ ಗೊತ್ತು. ಆದರೂ ನಾನು ಅವರ ಕಡೆ."

ದೊಡ್ಡಮಾದಯ್ಯನವರ ಮುಖ ಕೆಂಪಾಯಿತು. ಬಾಯಿ ತೆರೆದರು, ತಂಗಿಯನ್ನು ನೋಡಿ ಮುಚ್ಚಿದರು. ಕೈ ಎತ್ತಿ ಬೆರಳು ಆಡಿಸಿದರು.

"ಕೈ ಆಡ್ಸೂ ಅಂಗಿಲ್ಲ ಕಣಣ್ಣ."

ಅವರು ಬೆರಳನ್ನು ಮಡಚಿ ತಟ್ಟೆಯ ಕೆಳಗಿಟ್ಟುಕೊಂಡರು. ಸ್ವಲ್ಪ ಹೊತ್ತು ನಿಂಗರಾಜುವನ್ನು ದುರುಗುಟ್ಟಿ ನೋಡಿದರು. ಆಮೇಲೆ, ಮೀಸೆಯ ಒಂದು ತುದಿ ಅವರ ಅಪ್ಪಣೆಯಿಲ್ಲದೆಯೇ ಮೇಲಕ್ಕೆ ಹೋಯಿತು. ಅದನ್ನು ಮರೆಮಾಡಲು ಒಂದು ಅಡಿಕೆ ಬಾಯಿಗೆ ಹಾಕಿಕೊಂಡರು.

ಮಾತು ಇನ್ನೂ ನಡೆದಿದ್ದಾಗ ನಿಂಗರಾಜು ನೀರು ಕುಡಿಯುವ ನೆಪ ಮಾಡಿ ಹಿತ್ತಿಲ ಜಗಲಿಗೆ ಬಂದ. ಶಿವರಂಜಿನಿ ಅದೇ ಕಂಬದ ಹತ್ತಿರ ಇದ್ದಳು. ಈ ಸಲ ಒರಗಿ ನಿಂತಿರಲಿಲ್ಲ.

"ಕೇಳಿಸ್ತಾ?" ಅಂದ.

"ಗುಂಡ್ಲುಪೇಟೆಗೆಲ್ಲ ಕೇಳಿಸ್ತು. ನಿಮ್ಮತ್ತೆ ಬೈದಿದ್ದು ಊಟಿ ರೋಡ್ ತನಕ ಕೇಳಿಸಿರ್ಬೇಕು." ಆಮೇಲೆ ಕೇಳಿದಳು: "ನನ್ನ ಕೆಲಸದ ಮಾತಿಗೆ ದೇಶ ಯಾಕೆ ಹೇಳ್ಲಿಲ್ಲ? ಹುಡುಕಿದ್ರೆ ಒಂದಾದ್ರೂ ಸಿಕ್ಕಿರೋದು."

"ನಿಮ್ಮ ದೊಡ್ಡಪ್ಪನ ಹಾಗೆ ಇರೋ ದೊಡ್ಡಪ್ಪ ಬೇರೆ ದೇಶದಲ್ಲಿಲ್ಲ."

"'ನಿಮ್ಮ ದೊಡ್ಡಪ್ಪ' ಅಂದ್ರಾ? ಈಗ್ಲೇ ನಂಗೂ ದೊಡ್ಡಪ್ಪ ಆಗೋದ್ರಾ ಅವರು?" ಅಂದಳು.

ಅವನು ತಡವರಿಸಿದ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅವಳ ಅವ್ವ ಕಾಣಿಸಿಕೊಂಡರು. ಒಂದು ಕೈಯಲ್ಲಿ ಒಗ್ಗರಣೆ ಸೌಟು, ಇನ್ನೊಂದರಲ್ಲಿ ಒಣಮೆಣಸಿನಕಾಯಿ. "ಏನಾಯ್ತು ಹೇಳ್ಬಾರ್ದಾ ಕೂಸೇ? ಸಾರು ಆಗ್ಲಿಂದ ಒಗ್ಗರಣೆಗ ಕಾಯ್ತಾ ಅದ. ನೀ ಒಪ್ತೀಯೋ ಇಲ್ವೋ ಗೊತ್ತಾಗ್ದೆ ನಾ ಎಣ್ಣ ಕಾಯ್ಸಕಿಲ್ಲ."

"ಹಾಕವ್ವ," ಅಂದಳು ಶಿವರಂಜಿನಿ. "ಜೋರಾಗೇ ಹಾಕು."

ಅವ್ವ ಒಳಗೆ ಓಡಿದರು. ಸಾಸಿವೆ ಸಿಡಿಯಿತು. ಸಂತೋಷಕ್ಕೋ ಗಡಿಬಿಡಿಗೋ ಮೆಣಸಿನಕಾಯಿಯನ್ನು ಹಿಡಿಯಷ್ಟು ಹಾಕಿಬಿಟ್ಟಿರಬೇಕು. ಘಾಟು ಅಡುಗೆಮನೆಯಿಂದ ನಡುಮನೆಗೆ, ಪರದೆ ಎತ್ತಿಕೊಂಡು ಪಡಸಾಲೆಗೆ ನುಗ್ಗಿತು. ಹಿತ್ತಿಲ ಜಗಲಿಯಲ್ಲಿ ಅಜ್ಜಿ ಕಣ್ಣು ತೆರೆದು ಕೆಮ್ಮಿದರು. ಪಡಸಾಲೆಯಲ್ಲಿ ಲಿಂಗಯ್ಯ ಕೆಮ್ಮಿದರು, ಮಾತಿನ ನಡುವೆ ಪುಟ್ಟಮಾದಮ್ಮ ಕೆಮ್ಮಿದರು. ವೀಳ್ಯದ ತಟ್ಟೆಯನ್ನು ಎದೆಗೆ ಅವಚಿಕೊಂಡು, ತುಟಿ ಬಿಗಿದು, ಕಣ್ಣಲ್ಲಿ ನೀರು ತುಂಬಿಕೊಂಡು ತಡೆದು ಕೂತಿದ್ದ ದೊಡ್ಡಮಾದಯ್ಯನವರೂ ಕೊನೆಗೆ ಎಲ್ಲರಿಗಿಂತ ಜೋರಾಗಿ ಕೆಮ್ಮತೊಡಗಿದರು.